ಅಧಿಕಾರವೂ ಜವಾಬ್ದಾರಿಯೂ

ಒಂಬತ್ತನೆಯ ತರಗತಿಗೆ ಅನ್ಯದೇಶ್ಯ ಪದಗಳ ಪಾಠವನ್ನು ಹೇಳುವಾಗ ನಾವು ಪ್ರತಿವರ್ಷವೂ ಒಂದು ಪಟ್ಟಿಯನ್ನು ಮಾಡಿಸುವುದುಂಟು. ಸರಕಾರದ ಕಚೇರಿಗೆ ಸಂಬಂಧಪಟ್ಟ ಮಾತುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಬೇಕೆಂಬುದು ಅದರ ನಿಯಮ. ತಹಸೀಲ್ದಾರ, ದಫ್ತರ, ರಸೀದಿ, ಜಮಾಬಂದಿ, ವಸೂಲಿ, ತಗಾದೆ, ಅರ್ಜಿ, ಹುಕುಮು ಇವೆಲ್ಲ ತಪ್ಪದೆ ಬರುತ್ತವೆ. ಇವು ಅರಬ್ಬಿ ಪಾರಸಿಗಳಿಂದ ಬಂದು ನಮ್ಮ ನುಡಿಯಲ್ಲಿ ಮನೆಮಾಡಿಕೊಂಡ ಮಾತುಗಳು. ಒಮ್ಮೆ ಒಬ್ಬ ಹುಡುಗನು ಪಟ್ಟಿಯ ಕೊನೆಯಲ್ಲಿ ‘ಜವಾಬ್ದಾರಿ’ ಎಂದು ಬರೆದು ತಂದಿದ್ದನು. ಉಳಿದವರು ನಕ್ಕರು. ಅದು ಕಚೇರಿಯ ಮಾತಲ್ಲ, ಮನೆಯಲ್ಲಿ ತಂದೆತಾಯಿಗಳು ದಿನಕ್ಕೆ ಹತ್ತು ಸಲ ಹೇಳುವ ಮಾತು ಎಂಬುದು ಅವರ ವಾದ. ಆದರೆ ಆ ಹುಡುಗನು ಬರೆದುದೇ ಸರಿ. ‘ಜವಾಬು’ ಎಂದರೆ ಉತ್ತರ. ‘ದಾರ’ ಎಂದರೆ ಉಳ್ಳವನು. ಕೇಳಿದಾಗ ಉತ್ತರ ಕೊಡಬೇಕಾದವನೇ ಜವಾಬ್ದಾರನು.

ಕನ್ನಡದಲ್ಲಿ ಈ ಮಾತಿಗೆ ‘ಹೊಣೆ’ ಎಂದು ಅರ್ಥ ಹೇಳಿ ನಾವು ಮುಂದೆ ಹೋಗುತ್ತೇವೆ. ಹೊಣೆ ಹೊರುವುದು ಒಂದು, ಕೇಳಿದವನಿಗೆ ಉತ್ತರ ಹೇಳುವುದು ಮತ್ತೊಂದು. ಹೊಣೆಯನ್ನು ಒಬ್ಬನೇ ಹೊರಬಹುದು. ಉತ್ತರ ಕೊಡಬೇಕಾದರೆ ಮಾತ್ರ ಎದುರಿಗೆ ಕೇಳುವವನೊಬ್ಬನು ಇರಲೇಬೇಕು. ಸರಕಾರಿ ಚಾಕರಿಯನ್ನು ತಿದ್ದಬೇಕೆಂದು ಹೊರಟ ಹಿರಿಯರು ನಮ್ಮ ದೇಶದಲ್ಲಿ ಹಲವರು ಆಗಿಹೋಗಿದ್ದಾರೆ. ಅವರು ಚಾಕರನಿಗೆ ಏನು ಕಲಿಸಿದರು, ಎಷ್ಟು ಸಂಬಳ ಕೊಟ್ಟರು ಎಂಬುದಕ್ಕಿಂತ, ಅವನನ್ನು ಕೇಳುವ ಹಕ್ಕನ್ನು ಯಾರ ಕೈಯಲ್ಲಿ ಇಟ್ಟರು ಎಂಬುದನ್ನು ನೋಡಿದರೆ ಆ ಸುಧಾರಣೆಯ ತಿರುಳು ತಿಳಿಯುವುದು. ಅದನ್ನು ಇಲ್ಲಿ, ನಮ್ಮ ಬೀದಿಯಿಂದಲೇ ಆರಂಭಿಸಿ ನೋಡೋಣ.

ಬೇಗಂಪೇಟೆಯ ಹೆದ್ದಾರಿಯಲ್ಲಿ ಹೋಗುವವರು ಹೈದರಾಬಾದ್ ಪಬ್ಲಿಕ್ ಸ್ಕೂಲಿನ ಭವ್ಯವಾದ ಕಟ್ಟಡವನ್ನು ನೋಡಿಯೇ ಇರುತ್ತಾರೆ. 1923ರಲ್ಲಿ ಅದು ಜಾಗೀರದಾರರ ಮಕ್ಕಳಿಗಾಗಿ ತೆರೆದ ಜಾಗೀರದಾರ್ ಕಾಲೇಜು. ಜಾಗೀರುಗಳು ರದ್ದಾದ ಮೇಲೆ, 1951ರಲ್ಲಿ, ಪಬ್ಲಿಕ್ ಸ್ಕೂಲ್ ಎಂದಾಯಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಪಾಯಿಗಾ ಅರಮನೆಯಿದೆ. ಪಾಯಿಗಾ ಅಮೀರರೆಂದರೆ ನಿಜಾಮರ ಅಶ್ವದಳವನ್ನು ಸಾಕುವ ಕರಾರಿನ ಮೇಲೆ ವಿಸ್ತಾರವಾದ ಸೀಮೆಗಳನ್ನು ಪಡೆದಿದ್ದ ಮನೆತನದವರು. ಅವರ ಸೀಮೆಗಳಲ್ಲಿ ಕೆಲವು ಕನ್ನಡನಾಡಿನಲ್ಲಿದ್ದವು. ಆಳಂದ, ಚಿಟಗುಪ್ಪಗಳನ್ನು ಹೆಸರಿಸಬಹುದು. ಈ ಗೋಡೆಗಳ ಸುಣ್ಣದಲ್ಲಿ ಆಳಂದದ ಜೋಳವೂ ತಕ್ಕಮಟ್ಟಿಗೆ ಬೆರೆತಿದೆ ಎಂದರೆ ಅತಿಶಯೋಕ್ತಿಯಾಗದು. ಆ ಜೋಳವನ್ನು ಬೆಳೆದವನು, ಅದರ ಕಂದಾಯದ ರೊಕ್ಕ ಏನಾಯಿತೆಂದು ಬೇಗಂಪೇಟೆಗೆ ಬಂದು ಕೇಳಬಲ್ಲವನಾಗಿದ್ದನೇ?

ಈ ಪ್ರಶ್ನೆಗೆ ಉತ್ತರವನ್ನು ತಿಳಿಯಲು ನಾವು 1853ಕ್ಕೆ ಹಿಂದಿರುಗಬೇಕು. ಆ ವರ್ಷದ ಮೇ ತಿಂಗಳಲ್ಲಿ ನಿಜಾಮರು ಇಂಗ್ಲಿಷ್ ಕಂಪನಿಗೆ ಕೊಡಬೇಕಾಗಿದ್ದ ಸಾಲಕ್ಕಾಗಿಯೂ, ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ವೆಚ್ಚಕ್ಕಾಗಿಯೂ ವರ್‍ಹಾಡ, ಧಾರಾಶಿವ, ರಾಯಚೂರು ದೋಆಬ್ ಸೀಮೆಗಳನ್ನು ಕಂಪನಿಯ ಕೈಗೆ ಒಪ್ಪಿಸಿದರು. ಅದೇ ತಿಂಗಳು ದಿವಾನ ಸಿರಾಜುಲ್ ಮುಲ್ಕರು ತೀರಿಕೊಂಡರು. ಅವರ ಅಣ್ಣತಮ್ಮಂದಿರ ಸಂತತಿಯವರಾದ ಮೀರ್ ತುರಾಬ್ ಅಲಿ ಖಾನರು ದಿವಾನರಾದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಇವರೇ ಮುಂದೆ ಮೊದಲನೆಯ ಸಾಲಾರ್ ಜಂಗರೆಂದು ಪ್ರಸಿದ್ಧರಾದವರು. ಮ್ಯೂಸಿಯಂ ಕಟ್ಟಿದವರು ಇವರಲ್ಲ, ಇವರ ಮೊಮ್ಮಗನು ಕೂಡಿಹಾಕಿದ ವಸ್ತುಗಳು ಅಲ್ಲಿರುವುವು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬರನ್ನಾಗಿ ಮಾಡುವುದು ವಾಡಿಕೆಯಾದ್ದರಿಂದ ಇದನ್ನು ಹೇಳಿದೆವು.

ಇಪ್ಪತ್ತನಾಲ್ಕರ ಆ ತರುಣನ ಕೈಗೆ ಬಂದ ರಾಜ್ಯದ ಬೊಕ್ಕಸ ಬರಿದಾಗಿತ್ತು. ಅದಕ್ಕೆ ಕಾರಣ ಬಹುಮಟ್ಟಿಗೆ ಗುತ್ತಿಗೆಯ ಪದ್ಧತಿ. ಒಂದು ಸೀಮೆಯ ಕಂದಾಯವನ್ನು ವಸೂಲು ಮಾಡುವ ಅಧಿಕಾರವನ್ನು ಸರಕಾರವು ತಾಲ್ಲೂಕುದಾರನೆಂಬ ಗುತ್ತಿಗೆದಾರನಿಗೆ ಕೊಡುತ್ತಿತ್ತು. ಅವನು ಸಾಹುಕಾರರಿಂದಲೋ, ಅರಬ ಜಮಾದಾರರಿಂದಲೋ ಸಾಲ ತಂದು ಸರಕಾರಕ್ಕೆ ಮುಂಗಡ ತುಂಬುವನು. ಆಮೇಲೆ ಅಸಲು, ಬಡ್ಡಿ, ತನ್ನ ಲಾಭ ಮೂರನ್ನೂ ರೈತನಿಂದ ಹಿಂಡಿಕೊಳ್ಳುವನು. ಹಲವು ತಾಲ್ಲೂಕುದಾರರು ತಮ್ಮ ಸೀಮೆಯ ಮುಖವನ್ನೇ ನೋಡದೆ ರಾಜಧಾನಿಯಲ್ಲಿದ್ದು ನಾಯಬನನ್ನು ಕಳುಹಿಸಿ ಕೆಲಸ ಸಾಗಿಸುತ್ತಿದ್ದರು. ನಾಳೆ ಮತ್ತೊಬ್ಬನು ಹೆಚ್ಚಿನ ನಜರಾಣೆ ಒಪ್ಪಿಸಿದರೆ ಗುತ್ತಿಗೆ ಕೈತಪ್ಪುವ ಭಯ ಬೇರೆ. ಹೀಗಿರಲು ಕೆರೆಯ ಹೂಳು ತೆಗೆಸುವ ಗೋಜಿಗೆ ಅವನೇಕೆ ಹೋದಾನು? ಮುಂದಿನ ವರ್ಷದ ಬೆಳೆ ಅವನದಲ್ಲ.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಈ ಗುತ್ತಿಗೆದಾರನನ್ನು ಸೋಮಾರಿಯೆಂದು ಯಾರೂ ಹೇಳುವಂತಿರಲಿಲ್ಲ. ಅವನಿಗೆ ಕೊಟ್ಟ ಕೆಲಸ ಒಂದೇ, ಅದರ ಅಳತೆಯೂ ಒಂದೇ: ಇಷ್ಟು ರೂಪಾಯಿ. ಅಷ್ಟನ್ನು ಅವನು ತಂದು ತೋರಿಸುತ್ತಿದ್ದನು. ಕಾರ್ಯಸಾಧನೆಯ ಲೆಕ್ಕದಲ್ಲಿ ಅವನು ತೇರ್ಗಡೆಯಾದವನೇ. ಸೀಮೆ ಮಾತ್ರ ಹಾಳಾಗುತ್ತಿತ್ತು. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

ಸಾಲಾರ್ ಜಂಗರು ಗುತ್ತಿಗೆಗಳನ್ನು ಒಂದೇ ದಿನ ಕಿತ್ತೊಗೆಯಲಿಲ್ಲ. ಹಾಗೆ ಮಾಡಿದ್ದರೆ ಗುತ್ತಿಗೆದಾರರ ಹಿಂದಿದ್ದ ಅರಬ ಸಿಪಾಯಿಗಳು ಸುಮ್ಮನಿರುತ್ತಿರಲಿಲ್ಲ. ಒಂದೊಂದಾಗಿ ಸೀಮೆಗಳನ್ನು ಬಿಡಿಸಿಕೊಂಡು ಸಂಬಳದ ಅಧಿಕಾರಿಗಳನ್ನು ನೇಮಿಸುತ್ತ ಬಂದರು. 1860ರಲ್ಲಿ ಇಂಗ್ಲಿಷರು ರಾಯಚೂರು ದೋಆಬನ್ನೂ ಧಾರಾಶಿವವನ್ನೂ ಹಿಂದಿರುಗಿಸಿದರು. ಏಳು ವರ್ಷಗಳ ಕಾಲ ಅಲ್ಲಿ ಸಂಬಳದ ಅಧಿಕಾರಿಗಳ ಆಡಳಿತ ರೂಢಿಯಾಗಿತ್ತು. ದಿವಾನರ ಕಣ್ಣೆದುರಿಗೆ ಅದೊಂದು ಮಾದರಿಯಾಯಿತು. ಅದೇ ವರ್ಷ ಸುರಪುರವೂ ನಿಜಾಮರಿಗೆ ಸೇರಿತು. 1858ರಲ್ಲಿ ಇಂಗ್ಲಿಷರ ಮೇಲೆ ಎದ್ದು ನಿಂತ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ಹೀಗೆ ಬಹುಮಾನವಾಗಿ ಕೊಟ್ಟರೆಂಬುದು ಕನ್ನಡಿಗರಿಗೆ ಮರೆಯುವ ಸಂಗತಿಯಲ್ಲ. ಆದರೆ ಅದು ಬೇರೊಂದು ಪಾಠ.

1864ರಲ್ಲಿ ಕಂದಾಯದ ಮಂಡಲಿಯೊಂದನ್ನು ರಚಿಸಿದರು. 1865ರಲ್ಲಿ ಜಿಲ್ಲಾಬಂದಿಯಾಯಿತು. ರಾಜ್ಯವನ್ನೆಲ್ಲ ವಿಭಾಗಗಳಾಗಿಯೂ ಜಿಲ್ಲೆಗಳಾಗಿಯೂ ತಾಲ್ಲೂಕುಗಳಾಗಿಯೂ ಹಂಚಿದರು. ವಿಭಾಗಕ್ಕೆ ಸದರ್ ತಾಲ್ಲೂಕುದಾರ, ಜಿಲ್ಲೆಗೆ ಅವ್ವಲ್ ತಾಲ್ಲೂಕುದಾರ, ಅವನ ಕೈಕೆಳಗೆ ಎರಡನೆಯ ಮತ್ತು ಮೂರನೆಯ ತಾಲ್ಲೂಕುದಾರರು, ತಾಲ್ಲೂಕಿಗೆ ತಹಸೀಲ್ದಾರ. ಹೆಸರನ್ನು ನೋಡಿರಿ: ಹಳೆಯ ಗುತ್ತಿಗೆದಾರನೂ ತಾಲ್ಲೂಕುದಾರನೇ, ಹೊಸ ಸಂಬಳದ ಅಧಿಕಾರಿಯೂ ತಾಲ್ಲೂಕುದಾರನೇ. ಅಂಗಡಿಯ ಹಲಗೆ ಅದೇ, ಒಳಗಿನ ವ್ಯಾಪಾರ ಬೇರೆ. ಇನ್ನು ಮೇಲೆ ಅವನ ಹೊಟ್ಟೆಪಾಡು ಅವನು ವಸೂಲು ಮಾಡಿದ ಮೊತ್ತವನ್ನು ಅವಲಂಬಿಸಿರಲಿಲ್ಲ. 1868ರಲ್ಲಿ ನ್ಯಾಯ, ಕಂದಾಯ, ಪೊಲೀಸು ಮತ್ತು ಇತರ ಇಲಾಖೆಗಳಿಗೆಂದು ನಾಲ್ವರು ಸದರುಲ್ ಮಹಾಮರನ್ನು ನೇಮಿಸಿದರು. ತೀರ್ಪು ಹೇಳುವವನೂ ತೆರಿಗೆ ಎತ್ತುವವನೂ ಒಬ್ಬನೇ ಆಗಿದ್ದ ಕಾಲ ಹೀಗೆ ಕೊನೆಗಾಣತೊಡಗಿತು.

ದಫ್ತರಗಳ ವಿಷಯವನ್ನೂ ಹೇಳಬೇಕು. ರಾಜ್ಯದ ಕಂದಾಯದ ಕಾಗದಪತ್ರಗಳೆಲ್ಲ ಎರಡು ವಂಶಪಾರಂಪರ್ಯ ದಫ್ತರದಾರ ಮನೆತನಗಳ ವಶದಲ್ಲಿದ್ದವು. ಸರಕಾರಕ್ಕೆ ತನ್ನದೇ ಲೆಕ್ಕ ಬೇಕಾದರೆ ಅವರನ್ನು ಕೇಳಬೇಕಾಗಿತ್ತು. ಲೆಕ್ಕ ಯಾರ ಮನೆಯಲ್ಲಿದೆಯೋ ಅಧಿಕಾರ ಅವನದು ಎಂಬುದನ್ನು ಸಾಲಾರ್ ಜಂಗರು ಬಲ್ಲವರಾಗಿದ್ದರು. ಹೊಸ ಕಚೇರಿಗಳು ಬೆಳೆದಂತೆ ಹಳೆಯ ದಫ್ತರಗಳ ಮಹತ್ವ ತಾನಾಗಿ ಕುಗ್ಗಿತು. ಯಾವ ಸುಧಾರಣೆಯಲ್ಲಿಯೂ ನಮಗೆ ಹೆಚ್ಚು ಮೆಚ್ಚುಗೆಯಾಗುವುದು ಇಂಥ ಸದ್ದಿಲ್ಲದ ಕೆಲಸವೇ.

ಕನ್ನಡ ಸೀಮೆಯಲ್ಲಿ ಗುಲಬರ್ಗಾ, ರಾಯಚೂರು, ಬೀದರ, ಲಿಂಗಸುಗೂರುಗಳಲ್ಲಿ ಹೀಗೆ ಜಿಲ್ಲಾ ಕಚೇರಿಗಳು ನಡೆದವು. ಲಿಂಗಸುಗೂರು ಜಿಲ್ಲೆ 1905ರವರೆಗೆ ಇದ್ದು ಆಮೇಲೆ ರದ್ದಾಯಿತು. 1875ರಿಂದ ಮುಂಬಯಿ ಪ್ರಾಂತದ ರೀತಿಯಲ್ಲಿ ಭೂಮಾಪನದ ಕೆಲಸ ಆರಂಭವಾಯಿತು. ಆಡಳಿತಕ್ಕೆ ತಕ್ಕ ಜನರು ಸಾಲದೆ ಬಂದಾಗ ಸಾಲಾರ್ ಜಂಗರು ಉತ್ತರ ಹಿಂದೂಸ್ಥಾನದಿಂದ ಸೈಯದ್ ಹುಸೇನ್ ಬಿಲ್‌ಗ್ರಾಮಿ, ಮೆಹದಿ ಅಲಿ ಮೊದಲಾದ ವಿದ್ಯಾವಂತರನ್ನು ಕರೆಯಿಸಿದರು. ಸಮರ್ಥರಾದ ಇವರಿಂದ ಕೆಲಸ ಸಾಗಿತು. ಜೊತೆಗೆ ಮುಲ್ಕಿ, ಗೈರ್‌ಮುಲ್ಕಿ ಎಂಬ ಜಗಳವೂ ಹುಟ್ಟಿತು. 1883ರ ಫೆಬ್ರವರಿ 8ರಂದು ಸಾಲಾರ್ ಜಂಗರು ತೀರಿಕೊಂಡಾಗ ಅವರು ಮೂವತ್ತು ವರ್ಷ ದಿವಾನಗಿರಿ ನಡೆಸಿದ್ದರು.

ಅವರ ಕೆಲಸವನ್ನು ನಾವು ಗೌರವಿಸುತ್ತೇವೆ. ಆದರೂ ಅಧ್ಯಾಪಕರಾದವರು ಉತ್ತಮ ಉತ್ತರಪತ್ರಿಕೆಯಲ್ಲಿಯೂ ಬಿಟ್ಟುಹೋದ ಪ್ರಶ್ನೆಯನ್ನು ತೋರಿಸಬೇಕಷ್ಟೆ. ಮೊದಲನೆಯದಾಗಿ, ಈ ಸುಧಾರಣೆ ನಡೆದದ್ದು ದಿವಾನಿ ಮುಲುಕಿನಲ್ಲಿ ಮಾತ್ರ. ನಿಜಾಮರ ಸ್ವಂತದ ಸರ್ಫೆಖಾಸ್ ಸೀಮೆಯೂ, ಜಾಗೀರುಗಳೂ, ಪಾಯಿಗಾಗಳೂ ಅದರ ಹೊರಗೆ ಉಳಿದವು. ಆಳಂದದ ರೈತನಿಗೆ ಜಿಲ್ಲಾಬಂದಿಯಿಂದ ಆದ ಪ್ರಯೋಜನ ಅಷ್ಟಕ್ಕಷ್ಟೆ. 1949ರ ಆಗಸ್ಟ್ 15ರಂದು ಜಾಗೀರುಗಳನ್ನು ರದ್ದುಮಾಡಿದ ಶಾಸನ ಬರುವವರೆಗೆ ಅವನು ಕಾಯಬೇಕಾಯಿತು. ಎರಡನೆಯದು ಇನ್ನೂ ಮುಖ್ಯವಾದುದು. ತಹಸೀಲ್ದಾರನು ತಾಲ್ಲೂಕುದಾರನಿಗೆ ಜವಾಬು ಕೊಡುತ್ತಿದ್ದನು, ತಾಲ್ಲೂಕುದಾರನು ಸದರ್ ತಾಲ್ಲೂಕುದಾರನಿಗೆ, ಅವನು ಹೈದರಾಬಾದಿನ ಸದರುಲ್ ಮಹಾಮನಿಗೆ, ಆತನು ದಿವಾನರಿಗೆ. ಏಣಿ ಗಟ್ಟಿಯಾಗಿತ್ತು. ಆದರೆ ಅದರ ಎಲ್ಲ ಮೆಟ್ಟಿಲುಗಳೂ ಮೇಲಕ್ಕೇ ಹೋಗುತ್ತಿದ್ದವು. ರೈತನು ಏಣಿಯ ಬುಡದಲ್ಲಿದ್ದನು; ಅವನಿಗೆ ಜವಾಬು ಕೊಡುವವರಿರಲಿಲ್ಲ. ಕೊಟ್ಟಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆಡಳಿತದ ಭಾಷೆ 1880ರ ದಶಕದವರೆಗೆ ಪಾರಸಿ, ಆಮೇಲೆ ಉರ್ದು. 1901ರ ಜನಗಣತಿಯಂತೆ ಆ ರಾಜ್ಯದಲ್ಲಿ ಕನ್ನಡವನ್ನಾಡುವವರು ನೂರಕ್ಕೆ ಹದಿನಾಲ್ಕು ಮಂದಿ, ಉರ್ದುವನ್ನಾಡುವವರು ಹತ್ತು ಮಂದಿ. ನಾವು ಯಾವ ಭಾಷೆಯನ್ನೂ ಹಳಿಯುವವರಲ್ಲ. ಉರ್ದು ನಮ್ಮ ನೆರೆಮನೆಯ ಸವಿಯಾದ ನುಡಿ. ಆದರೆ ಲೆಕ್ಕವನ್ನು ಒಪ್ಪಿಸುವ ನುಡಿ ಕೇಳುವವನಿಗೆ ಬಾರದಿದ್ದರೆ ಒಪ್ಪಿಸಿದಂತಾಗುವುದೇ?

ಈ ಮಾತಿಗೆ ನಮ್ಮ ಮನೆಯಲ್ಲಿಯೇ ಒಂದು ಸಾಕ್ಷಿಯುಂಟು. ಲಿಂಗಸುಗೂರು ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ ಮುತ್ತಜ್ಜನ ಕಾಲದ ತಗಡಿನ ಪೆಟ್ಟಿಗೆಯೊಂದಿತ್ತು. ಅದರೊಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಉರ್ದು ಕಾಗದ. ಹೊಲದ ಹಕ್ಕುಪತ್ರವೆಂದು ನಂಬಿ ದೀಪಾವಳಿಯಲ್ಲಿ ಲಕ್ಷ್ಮೀಪೂಜೆಗೆ ಅದನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಕೆಲಸಕ್ಕೆಂದು ನಾವು ಈ ನಗರಕ್ಕೆ ಬಂದ ಮೇಲೆ ಅದನ್ನು ತಂದು ನೆರೆಯ ಓಣಿಯ ನಿವೃತ್ತ ಉರ್ದು ಅಧ್ಯಾಪಕರೊಬ್ಬರಿಗೆ ತೋರಿಸಿದೆವು. ಅವರು ಕನ್ನಡಕವನ್ನು ಎರಡು ಸಲ ಒರಸಿಕೊಂಡು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಫಸಲಿ 1352, ಅಂದರೆ ಸುಮಾರು 1942–43ರ ಕಾಗದ. ಹಕ್ಕುಪತ್ರವಲ್ಲ, ನೋಟೀಸು. ಕಂದಾಯದ ಬಾಕಿ ಏಕೆ ಉಳಿಯಿತೆಂಬುದಕ್ಕೆ ಹದಿನೈದು ದಿನಗಳೊಳಗೆ ಕಚೇರಿಗೆ ಬಂದು ಜವಾಬು ಕೊಡತಕ್ಕದ್ದೆಂದು ಮುತ್ತಜ್ಜನಿಗೆ ಬಂದ ಅಪ್ಪಣೆ. ‘ಜವಾಬ್’ ಎಂಬ ಅಕ್ಷರಗಳ ಮೇಲೆ ಅವರು ಬೆರಳಿಟ್ಟು ತೋರಿಸಿದರು. ಅದರ ಮೇಲೆಯೇ ಕುಂಕುಮದ ಕಲೆಯಿತ್ತು.

1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. 1963ರಲ್ಲಿ ಕನ್ನಡವು ಶಾಸನದ ಮೂಲಕ ಆಡಳಿತಭಾಷೆಯಾಯಿತು. ಬೆಂಗಳೂರಿನಲ್ಲಿ ವಿಧಾನಸೌಧವು ಆ ಹೊತ್ತಿಗೆ ಎದ್ದುನಿಂತಿತ್ತು. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಅದರ ಮುಖದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದರು. ಉದಾತ್ತವಾದ ಮಾತು. ಆದರೆ ದೇವರಿಗೆ ಮಾತ್ರ ಲೆಕ್ಕ ಒಪ್ಪಿಸಿದರೆ ಸಾಕೆಂದು ಅದನ್ನು ತಿಳಿದುಕೊಂಡ ಗುಮಾಸ್ತರೂ ಇಲ್ಲದಿಲ್ಲ! ಹನುಮಂತಯ್ಯನವರು ಹಾಗೆ ತಿಳಿದವರಲ್ಲ. 1966ರ ಜನವರಿಯಲ್ಲಿ ಭಾರತ ಸರಕಾರವು ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಆಡಳಿತ ಸುಧಾರಣಾ ಆಯೋಗವನ್ನು ನೇಮಿಸಿತು. 1967ರಲ್ಲಿ ದೇಸಾಯಿಯವರು ಮಂತ್ರಿಮಂಡಲಕ್ಕೆ ಹೋದಾಗ ಅಧ್ಯಕ್ಷಸ್ಥಾನ ಹನುಮಂತಯ್ಯನವರಿಗೆ ಬಂದಿತು. 1970ರವರೆಗೆ ಆಯೋಗವು ಇಪ್ಪತ್ತು ವರದಿಗಳನ್ನು ಕೊಟ್ಟಿತು. 2005ರಲ್ಲಿ ನೇಮಕವಾದ ಎರಡನೆಯ ಆಯೋಗದ ಅಧ್ಯಕ್ಷರಾದ ವೀರಪ್ಪ ಮೊಯಿಲಿಯವರೂ ಕನ್ನಡಿಗರೇ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಮೊದಲನೆಯ ಆಯೋಗವು ಹೇಳಿದ ಮಾತುಗಳಲ್ಲಿ ಒಂದು, ಕಾರ್ಯಸಾಧನೆಯ ಆಯವ್ಯಯ. ಅದೇನೆಂದರೆ, ಎಷ್ಟು ರೂಪಾಯಿ ವೆಚ್ಚವಾಯಿತೆಂದು ಹೇಳಿದರೆ ಸಾಲದು, ಆ ರೂಪಾಯಿಯಿಂದ ಏನಾಯಿತೆಂದು ಹೇಳಬೇಕು. ಒಂದು ಶಾಲೆಗೆ ಹತ್ತು ಬೆಂಚುಗಳ ಮಂಜೂರಾತಿ ಬಂದಿತೆನ್ನಿ. ರಸೀದಿಗಳು ಸರಿಯಾಗಿವೆ, ಪೈಸೆಗೆ ಪೈಸೆ ಹೊಂದುತ್ತದೆ, ಲೆಕ್ಕ ತಪಾಸಣೆಯವನು ಸಹಿ ಹಾಕಿ ಹೋಗಿದ್ದಾನೆ. ಮಕ್ಕಳು ನೆಲದ ಮೇಲೆಯೇ ಕುಳಿತಿದ್ದಾರೆ. ಹಳೆಯ ಲೆಕ್ಕದಲ್ಲಿ ಇಲ್ಲಿ ಯಾವ ತಪ್ಪೂ ಇಲ್ಲ.

ಆದ್ದರಿಂದ ಸಾಧನೆಯನ್ನು ಅಳೆಯಬೇಕು, ನಿಜ. ಆದರೆ ನಾವು ಮೇಲೆ ಕಂಡ ಗುತ್ತಿಗೆದಾರನನ್ನು ಇಲ್ಲಿ ನೆನೆಯಬೇಕು. ಅಳತೆಯ ಕೋಲು ಒಂದೇ ಆಗಿ, ಅದು ಮೇಲಿನವನ ಕೈಯಲ್ಲಿಯೇ ಇದ್ದರೆ ಚಾಕರನು ಆ ಕೋಲನ್ನು ಮಾತ್ರ ಪೂಜಿಸುತ್ತಾನೆ. ನಮ್ಮ ವೃತ್ತಿಯನ್ನೇ ತೆಗೆದುಕೊಳ್ಳಿ. ಹತ್ತನೆಯ ತರಗತಿಯಲ್ಲಿ ನೂರಕ್ಕೆ ಎಷ್ಟು ಮಂದಿ ತೇರ್ಗಡೆಯಾದರೆಂಬುದೇ ಅಧ್ಯಾಪಕನ ಯೋಗ್ಯತೆಯ ಏಕೈಕ ಅಳತೆಯಾದರೆ, ಹಿಂದುಳಿದ ಹುಡುಗನನ್ನು ಒಂಬತ್ತರಲ್ಲಿಯೇ ‘ಬೇರೆ ಕಡೆ ನೋಡಿಕೊಳ್ಳಪ್ಪ’ ಎಂದು ಸಾಗಹಾಕುವ ಬುದ್ಧಿ ಬಾರದಿರದು. ಹಾಗೆ ಮಾಡಿದವರನ್ನು ನಾವು ಕಂಡಿದ್ದೇವೆ. ಆ ಆಶೆ ಒಂದು ವರ್ಷ ನಮ್ಮನ್ನೂ ಮುಟ್ಟಿಹೋಯಿತೆಂದು ಒಪ್ಪಿಕೊಳ್ಳುವುದೇ ಮೇಲು. ಅಂಕಿ ಏರುತ್ತದೆ, ಹುಡುಗ ಬೀದಿಪಾಲಾಗುತ್ತಾನೆ. ಕೆರೆಯ ಹೂಳನ್ನು ತೆಗೆಸದ ತಾಲ್ಲೂಕುದಾರನಿಗೂ ನಮಗೂ ಆಗ ಏನು ಭೇದ?

ಇನ್ನೊಂದು ವಿಚಿತ್ರವೂ ಬಹುಕಾಲ ನಡೆಯಿತು. ಸರಕಾರಿ ನೌಕರನ ಕೆಲಸದ ಬಗ್ಗೆ ಮೇಲಧಿಕಾರಿಯು ವರ್ಷಕ್ಕೊಮ್ಮೆ ಬರೆಯುವ ವರದಿ ಗುಪ್ತವಾಗಿರುತ್ತಿತ್ತು. ತೀರ ಕೆಟ್ಟ ಮಾತಿದ್ದರೆ ಮಾತ್ರ ಅವನಿಗೆ ತಿಳಿಸುವರು. ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರರೊಬ್ಬರಿಗೆ ಒಂದು ವರ್ಷ ‘ಒಳ್ಳೆಯದು’ ಎಂದು ಬರೆದಿದ್ದರು. ಬಡ್ತಿಗೆ ಬೇಕಾದದ್ದು ‘ಬಹಳ ಒಳ್ಳೆಯದು’. ‘ಒಳ್ಳೆಯದು’ ಕೆಟ್ಟ ಮಾತಲ್ಲವಾದ್ದರಿಂದ ಅವರಿಗೆ ತಿಳಿಸಲಿಲ್ಲ, ಬಡ್ತಿಯೂ ಸಿಗಲಿಲ್ಲ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವರದಿಯಲ್ಲಿ ಬರೆದ ಪ್ರತಿಯೊಂದು ಮಾತನ್ನೂ ಆ ನೌಕರನಿಗೆ ತಿಳಿಸಲೇಬೇಕೆಂದು ತೀರ್ಪಿತ್ತಿತು. ಪ್ರಗತಿಪತ್ರವನ್ನು ವಿದ್ಯಾರ್ಥಿಗೆ ತೋರಿಸದೆ ಅವನನ್ನು ಅನುತ್ತೀರ್ಣಗೊಳಿಸುವ ಶಾಲೆಯನ್ನು ಊಹಿಸಿಕೊಳ್ಳಿರಿ. ನ್ಯಾಯಾಲಯ ಹೇಳಿದ್ದರ ಅರ್ಥವಾಗುತ್ತದೆ.

ಏಣಿಯ ಮೆಟ್ಟಿಲುಗಳು ಕೆಳಮುಖವಾದದ್ದು ತೀರ ಈಚೆಗೆ. 2005ರ ಅಕ್ಟೋಬರ್ 12ರಿಂದ ಜಾರಿಯಾದ ಮಾಹಿತಿ ಹಕ್ಕಿನ ಶಾಸನದಂತೆ ಯಾವ ನಾಗರಿಕನಾದರೂ ಸರಕಾರದ ಕಾಗದವನ್ನು ಕೇಳಬಹುದು. ಏಕೆ ಬೇಕೆಂದು ಹೇಳುವ ಕಾರಣವಿಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿಯವರೆಗೆ ದಂಡ. ಕರ್ನಾಟಕದಲ್ಲಿ 2011ರ ಶಾಸನದಿಂದ ‘ಸಕಾಲ’ ಎಂಬ ಏರ್ಪಾಟು ಬಂದಿತು. ಜಾತಿ ಪ್ರಮಾಣಪತ್ರವೋ ಪಹಣಿಯ ತಿದ್ದುಪಡಿಯೋ ಇಷ್ಟು ದಿನಗಳಲ್ಲಿ ಆಗತಕ್ಕದ್ದೆಂದು ಗೊತ್ತುಮಾಡಿ, ಅರ್ಜಿದಾರನಿಗೆ ಹದಿನೈದು ಅಂಕಿಗಳ ಸಂಖ್ಯೆಯನ್ನು ಕೊಡುವರು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಸಲ್ಲಬೇಕು. ಅದು ತಪ್ಪಿತಸ್ಥನ ಸಂಬಳದಿಂದ ಬರಬೇಕು. ಮೊತ್ತ ಅಲ್ಪ. ಆದರೆ ರೊಕ್ಕ ಹೋಗುವ ದಿಕ್ಕನ್ನು ನೋಡಿರಿ. 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಹರಡುವ ಮುನ್ನ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ಅವುಗಳಲ್ಲೊಂದು ಬೀದರ ಜಿಲ್ಲೆಯ ಔರಾದ, ಹಿಂದಿನ ನಿಜಾಮ ಸೀಮೆಯ ಮೂಲೆ.

ಹೈದರಾಬಾದಿನಲ್ಲಿರುವ ನಮಗೆ ಸಕಾಲವಿಲ್ಲ. ಇಲ್ಲಿಯ ಆಡಳಿತಭಾಷೆ ತೆಲುಗು, ಎರಡನೆಯದು ಉರ್ದು. ಆದರೂ ಸಂವಿಧಾನದ 350ನೆಯ ವಿಧಿಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಳ್ಳುವುದು ಲೇಸು. ಕುಂದುಕೊರತೆಯನ್ನು ಕುರಿತ ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ಅದು ಹೇಳುತ್ತದೆ. ಜವಾಬು ಯಾವ ಭಾಷೆಯಲ್ಲಿ ಬರಬೇಕೆಂದು ಅದು ಹೇಳಿಲ್ಲ.

ಕಳೆದ ಸಲ ಪತ್ರಲೇಖನದ ಪಾಠದಲ್ಲಿ ಮಕ್ಕಳು ನಿಜವಾದ ಅಹವಾಲನ್ನೇ ಬರೆಯುವುದೆಂದು ಗೊತ್ತುಮಾಡಿದೆವು. ಬೇಗಂಪೇಟೆಯಲ್ಲಿ ಕೆಲವು ವಿದ್ಯಾರ್ಥಿಗಳು ವಾಸಿಸುವ ಓಣಿಯ ದೀಪವೊಂದು ತಿಂಗಳುಗಟ್ಟಲೆ ಉರಿದಿರಲಿಲ್ಲ. ಕನ್ನಡದಲ್ಲಿ ಬರೆದು, ಕೆಳಗೆ ವಿಧಿಯ ಸಂಖ್ಯೆಯನ್ನೂ ಕಾಣಿಸಿ, ಸಂಬಂಧಪಟ್ಟ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದರು. ಜವಾಬು ಬರಲಿಲ್ಲ. ತೆಲುಗಿನ ಪ್ರತಿಯೊಂದನ್ನು ಲಗತ್ತಿಸಿ ಮತ್ತೆ ಕಳುಹಿಸಿದರು. ಇಪ್ಪತ್ತೆರಡನೆಯ ದಿನ ಲಕೋಟೆ ಬಂದಿತು. ಒಳಗಿನ ಕಾಗದ ತೆಲುಗಿನಲ್ಲಿತ್ತು. ಒಬ್ಬ ಹುಡುಗಿ ಎದ್ದುನಿಂತು ಅದನ್ನು ಮೊದಲು ತೆಲುಗಿನಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಹೇಳಿದಳು: ದೀಪದ ಕಂಬದ ಸಂಖ್ಯೆಯನ್ನು ತಿಳಿಸಿದರೆ ಕ್ರಮ ಕೈಗೊಳ್ಳಲಾಗುವುದು. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಐದಾರು ಮಂದಿ ನೋಟುಬುಕ್ಕು ಹಿಡಿದುಕೊಂಡು ಕಂಬದ ಸಂಖ್ಯೆಯನ್ನು ಬರೆದು ತರಲು ಓಣಿಗೆ ಹೋದರು.